ಎಲ್ಲಾ ಅಳಿಸು ಅಂತ ಬರೆದವರು ಯಾರು?

ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಬರೀತಾ ಇದ್ದೀನಿ. ಡೊಂಬಿವಲಿಯ ಮಳೆ, ಲೋಕಲ್ ಟ್ರೇನಿನ ಜಗಳ, ಧಾರವಾಡದ ನೆನಪು ಅಂತ ಓದೋಕೆ ಬಂದವರು ಕ್ಷಮಿಸಿ. ಇವತ್ತಿನದು ಸರ್ವರ್, ಡಿಸ್ಕು, ಪಾರ್ಟಿಷನ್ನು. ಆದರೆ ನಿಮ್ಮ ಮನೆಯ ಮಗನೋ, ಅಣ್ಣನ ಮಗಳೋ, ಅಳಿಯನೋ ಈ ಕೆಲಸದಲ್ಲಿ ಇದ್ದೇ ಇರ್ತಾರೆ. ಮುಂಬೈ, ಪುಣೆ, ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಈಗ ಹೋಟೆಲಿನವರಷ್ಟೇ ಕಂಪ್ಯೂಟರಿನವರೂ ಇದ್ದಾರೆ. ಅವರಿಗಾದರೂ ಇದನ್ನ ಓದಿಸಿ. (ಕಮಾಂಡುಗಳನ್ನೂ ಕನ್ನಡದಲ್ಲೇ ಬರೆದಿದ್ದೀನಿ. ಟೈಪ್ ಮಾಡೋವಾಗ ಇಂಗ್ಲಿಷಿನಲ್ಲಿ ಮಾಡ್ಕೊಳ್ಳಿ!)

2024ರ ಮಳೆಗಾಲ. ಸೆಂಟ್ ಓಎಸ್ 7ರ ಆಯುಷ್ಯ ಆ ವರ್ಷ ಜೂನ್ 30ಕ್ಕೆ ಮುಗಿದಿತ್ತು. ಇನ್ನು ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ ಅಂದ ಮೇಲೆ ಎಲ್ಲ ಕಡೆ ಹಳೇ ಸರ್ವರ್‌ಗಳಿಗೆ ಹೊಸ ಓಎಸ್ ಹಾಕೋ ಗಡಿಬಿಡಿ. ನಾನಿದ್ದ ಕಡೆಯೂ ಅದೇ. ರಾತ್ರಿ ಎರಡೂವರೆಗೆ ಫೋನು. ಆ ಕಡೆ ನಮ್ಮ ಗದಗ ಕಡೆಯ ಹುಡುಗ. ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಆಫೀಸಿನಲ್ಲಿ ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಮಾತಾಡೋನು ಆ ಹೊತ್ತಿನಲ್ಲಿ ನೇರ ಕನ್ನಡಕ್ಕೇ ಇಳಿದಿದ್ದ.

"ಸರ, ಡೇಟಾ ಡಿಸ್ಕ್ ಕಾಣವಲ್ದರೀ. ಓಎಸ್ ಹಾಕಿದೆ, ಚೊಲೋ ಬಂತು. ಆದ್ರ ಹಳೇ ಡಿಸ್ಕಿನ್ಯಾಗ ಏನೂ ಇಲ್ಲ."

"ಲಾಗಿನ್ ಆಗಿ ಎಲ್‌ಎಸ್‌ಬಿಎಲ್‌ಕೆ ಹೊಡಿ, ಏನ್ ತೋರಸ್ತದ ಓದಿ ಹೇಳಪಾ" ಅಂದೆ.

ಅವನು ಓದಿ ಹೇಳಿದ. ನಾನು ಹಾಸಿಗೆ ಮೇಲೆ ಎದ್ದು ಕೂತೆ. ಮೂರು ಡಿಸ್ಕನ್ನೂ ಸೇರಿಸಿ ಒಂದೇ ವಾಲ್ಯೂಮ್ ಗ್ರೂಪ್ ಆಗಿತ್ತು. ಅದರ ಮೇಲೆ ಹೊಚ್ಚ ಹೊಸ, ಖಾಲಿ ಹೋಮ್. ಒಂದು ಸಣ್ಣ ಸಂಸ್ಥೆಯ ಬಿಲ್ಲಿಂಗ್ ದಾಖಲೆಗಳಿದ್ದ ಜಾಗ ಅದು. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಒಂಬತ್ತು ದಿನದಿಂದ ಬ್ಯಾಕಪ್ ಫೇಲಾಗ್ತಾ ಇತ್ತು, ಆ ಮೇಲ್ ಯಾರೂ ಓದಿರಲಿಲ್ಲ. ಆ ಸಂಸ್ಥೆಯವರು ಒಂಬತ್ತು ದಿನದ ಬಿಲ್ಲುಗಳನ್ನ ಕಾಗದದ ಪ್ರತಿ ನೋಡಿ ನೋಡಿ ಮತ್ತೆ ತುಂಬಿದರು. ಇಬ್ಬರು ಹೆಣ್ಣುಮಕ್ಕಳು ಎರಡು ಭಾನುವಾರ ಬಂದು ಕೂತು ಅದನ್ನ ಮಾಡಿದರು ಅಂತ ಆಮೇಲೆ ಗೊತ್ತಾಯ್ತು.

ವಾರದ ನಂತರ ಮೀಟಿಂಗು. ಎಷ್ಟು ಗಂಟೆಗೆ ಏನಾಯ್ತು ಅಂತ ಚಂದದ ಪಟ್ಟಿ. ಕೊನೇ ಸಾಲಿನಲ್ಲಿ ಕಾರಣ: ಹ್ಯೂಮನ್ ಎರರ್. ಮನುಷ್ಯನ ತಪ್ಪು. ಯಾವ ಮನುಷ್ಯ? ಆ ಹುಡುಗ. ಅವನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯ್ತು. ಕೇಸು ಖಲಾಸ್.

ನನ್ನ ಸಿಟ್ಟು ಇರೋದು ಇಲ್ಲೇ. ಆ ಹುಡುಗ ಮಾಡಿದ್ದೇನು? ಕೈಗೆ ಕೊಟ್ಟ ಪುಸ್ತಕದಲ್ಲಿ ಇದ್ದಂತೆ ಸರ್ವರನ್ನು ನೆಟ್‌ವರ್ಕಿನಿಂದ ಬೂಟ್ ಮಾಡಿದ. ಮುಂದಿನದೆಲ್ಲ ಮಾಡಿದ್ದು ಕಿಕ್‌ಸ್ಟಾರ್ಟ್ ಫೈಲು. ಗೊತ್ತಿಲ್ಲದವರಿಗೆ ಒಂದು ಮಾತು: ನೂರು ಸರ್ವರಿಗೆ ಲಿನಕ್ಸ್ ಹಾಕೋವಾಗ ಪ್ರತಿಯೊಂದರ ಮುಂದೆ ಕೂತು ಯಾವ ಭಾಷೆ, ಯಾವ ಟೈಮ್ ಝೋನ್, ಯಾವ ಡಿಸ್ಕ್ ಅಂತ ಉತ್ತರ ಕೊಡೋಕೆ ಆಗಲ್ಲ. ಆ ಉತ್ತರಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದಿಡ್ತೀವಿ. ರೆಡ್ ಹ್ಯಾಟ್ ಕುಟುಂಬದಲ್ಲಿ ಅದಕ್ಕೆ ಕಿಕ್‌ಸ್ಟಾರ್ಟ್ ಅಂತಾರೆ, ಡೆಬಿಯನ್‌ನಲ್ಲಿ ಪ್ರಿಸೀಡ್, ಈಗಿನ ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್. ಇನ್‌ಸ್ಟಾಲರ್ ಆ ಫೈಲ್ ಓದಿ ಯಾರನ್ನೂ ಕೇಳದೆ ಕೆಲಸ ಮುಗಿಸುತ್ತೆ.

ನಮ್ಮ ಫೈಲಿನಲ್ಲಿ ಡಿಸ್ಕಿನ ಬಗ್ಗೆ ಇದ್ದದ್ದು ಮೂರೇ ಸಾಲು. ಝೀರೋ-ಎಂಬಿಆರ್. ಕ್ಲಿಯರ್‌ಪಾರ್ಟ್ ಆಲ್ ಇನಿಟ್‌ಲೇಬಲ್. ಆಟೋಪಾರ್ಟ್. ಕನ್ನಡದಲ್ಲಿ ಹೇಳೋದಾದರೆ: ಅರ್ಥವಾಗದ ಡಿಸ್ಕ್ ಕಂಡರೆ ಕೇಳಬೇಡ, ಹೊಸದು ಅಂತಲೇ ತಿಳ್ಕೋ. ಕಣ್ಣಿಗೆ ಕಂಡ ಎಲ್ಲಾ ಡಿಸ್ಕಿನ ಎಲ್ಲಾ ಪಾರ್ಟಿಷನ್ ಅಳಿಸು. ಆಮೇಲೆ ನಿನಗೆ ತಿಳಿದಂತೆ ಹಂಚ್ಕೋ.

ಮನೆ ಖಾಲಿ ಮಾಡೋಕೆ ಬಂದ ಟೆಂಪೋದವನಿಗೆ "ಈ ಬಿಲ್ಡಿಂಗಿನಲ್ಲಿ ಕಂಡದ್ದೆಲ್ಲ ಎತ್ತಿಕೊಂಡು ಹೋಗಪ್ಪ" ಅಂತ ಚೀಟಿ ಕೊಟ್ಟ ಹಾಗೆ ಇದು. ಅವನು ಪಕ್ಕದ ಮನೆಯವರ ಕಪಾಟನ್ನೂ ಎತ್ತಿದರೆ ತಪ್ಪು ಯಾರದು? ಚೀಟಿ ಹಿಡಿದು ಬಂದವನದೋ, ಬರೆದವನದೋ?

ಬರೆದವರು ಯಾರು ಅಂತಲೂ ಹೇಳಿಬಿಡ್ತೀನಿ. ನಾನೇ. 2011ರಲ್ಲಿ. ಆಗ ನಮ್ಮ ಸರ್ವರ್‌ಗಳಲ್ಲಿ ಎರಡು ಡಿಸ್ಕ್ ಇರ್ತಿದ್ದವು, ರೇಡ್ ಕಾರ್ಡ್ ಎರಡನ್ನೂ ಸೇರಿಸಿ ಒಂದೇ ಡಿಸ್ಕ್ ಅಂತ ಓಎಸ್ಸಿಗೆ ತೋರಿಸ್ತಿತ್ತು. ಇದ್ದದ್ದೇ ಒಂದು ಅಂದ ಮೇಲೆ "ಎಲ್ಲಾ ಅಳಿಸು" ಅಂದರೂ ಒಂದೇ, "ಅದನ್ನ ಅಳಿಸು" ಅಂದರೂ ಒಂದೇ. ನಮ್ಮ ಕೈಪಿಡಿಯಲ್ಲೂ "ಡಿಸ್ಕ್ ಅಳಿಸಲ್ಪಡುತ್ತದೆ" ಅಂತ ಏಕವಚನದಲ್ಲೇ ಇತ್ತು. ಆಮೇಲೆ ಓಎಸ್ಸಿಗೆ ಬೇರೆ ಡಿಸ್ಕ್ ಬಂತು, ಡೇಟಾಗೆ ಬೇರೆ ಬಂತು, ಎನ್‌ವಿಎಂಇ ಬಂತು, ಫೈಬರ್ ಕೇಬಲ್ಲಿನಾಚೆ ಸ್ಯಾನ್ ಸ್ಟೋರೇಜು ಬಂತು. ಫೈಲ್ ಮಾತ್ರ ಅದೇ. ಹದಿಮೂರು ವರ್ಷ ಅದನ್ನ ಯಾರೂ ಓದಲಿಲ್ಲ, ಎಲ್ಲರೂ ಕಾಪಿ ಹೊಡೆದರು. ಮೀಟಿಂಗಿನಲ್ಲಿ ನಾನು ಇದನ್ನ ಹೇಳಿದೆ. "ಅದು ಬಿಡಿ ಸರ್, ಹಳೇ ಮಾತು" ಅಂದರು. ಹಳೇ ಮಾತಲ್ಲ ಮಾರಾಯ್ರೆ, ಅದೇ ಮಾತು!

ಇದೇನೂ ಗುಟ್ಟಿನ ವಿಷಯವೂ ಅಲ್ಲ. ಕ್ಲಿಯರ್‌ಪಾರ್ಟ್ ಆಲ್ ಅಂತ ಕೊಟ್ಟರೆ ಇನ್‌ಸ್ಟಾಲರಿಗೆ ಎಟುಕೋ ಎಲ್ಲ ಡಿಸ್ಕೂ ಹೋಗುತ್ತೆ, ನೆಟ್‌ವರ್ಕಿನ ಸ್ಟೋರೇಜೂ ಸೇರಿ, ಜೋಪಾನ ಅಂತ ರೆಡ್ ಹ್ಯಾಟ್‌ನ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಝೀರೋ-ಎಂಬಿಆರ್ ಇನ್ನೂ ಮೋಸದ್ದು. ಪಾರ್ಟಿಷನ್ ಟೇಬಲ್ ಇಲ್ಲದೆ ನೇರವಾಗಿ ಡೇಟಾ ಬರೆದುಕೊಂಡ ಡಿಸ್ಕ್ ಇರ್ತವಲ್ಲ, ಅವೂ ಅದರ ಕಣ್ಣಿಗೆ ಬರೀ ಹಾಳು ಡಿಸ್ಕಿನ ಹಾಗೆ ಕಾಣಬಹುದು. ಇನ್ನು ಆಟೋಪಾರ್ಟ್ ತನಗೆ ಬಿಟ್ಟ ಎಲ್ಲ ಡಿಸ್ಕಿನ ಮೇಲೂ ಕಾಲು ಚಾಚುತ್ತೆ. ಬರೀ ಪಾರ್ಟಿಷನ್ ಟೇಬಲ್ ಹೋಗಿದ್ದರೆ ಟೆಸ್ಟ್‌ಡಿಸ್ಕ್ ಥರದ ಸಾಧನ ಹಿಡಿದು ಹುಡುಕಿ ಎತ್ತಬಹುದಿತ್ತು, ಯಾಕೆಂದರೆ ಟೇಬಲ್ ಅಳಿದರೂ ಒಳಗಿನ ಡೇಟಾ ಅಲ್ಲೇ ಇರುತ್ತೆ. ಆದರೆ ಹೊಸ ಫೈಲ್ ಸಿಸ್ಟಮ್ಮನ್ನ ಅದರ ಮೇಲೇ ಬರೆದ ಮೇಲೆ ಎತ್ತೋದೇನು?

ಎರಡನೇ ರೋಗ, ಹೆಸರಿನದು. "ನಾವು ಆಲ್ ಹಾಕಲ್ಲ, ಎಸ್‌ಡಿಎ ಅಂತ ಹೆಸರು ಹಿಡಿದೇ ಕೊಡ್ತೀವಿ" ಅಂತ ಎದೆ ತಟ್ಟಿಕೊಳ್ಳೋರು ಇದ್ದಾರೆ. ಅಯ್ಯಾ, ಎಸ್‌ಡಿಎ ಅನ್ನೋದು ಹೆಸರೇ ಅಲ್ಲ! ಅದು ಸರದಿ. ಕರ್ನಲ್ಲಿಗೆ ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದು ಎಸ್‌ಡಿಎ, ಮುಂದಿನದು ಎಸ್‌ಡಿಬಿ. ನಮ್ಮ ಲೋಕಲ್ಲಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಕಿಟಕಿಯವನು ಅಂದ ಹಾಗೆ. ನಾಳೆ ಆ ಜಾಗದಲ್ಲಿ ಬೇರೆಯವನು ಕೂತಿರ್ತಾನೆ. ಇನ್‌ಸ್ಟಾಲ್ ಮಾಡೋವಾಗ ಪೆನ್ ಡ್ರೈವ್ ಚುಚ್ಚಿದ್ದರೆ ಅದೇ ಎಸ್‌ಡಿಎ ಆಗಿ ಕೂರಬಹುದು. ರಿಮೋಟ್ ಕನ್ಸೋಲಿನಿಂದ ವರ್ಚುವಲ್ ಡ್ರೈವ್ ಕೊಟ್ಟಿದ್ದರೆ ಅದೂ ಆಗಬಹುದು. ಚಾಲೂ ಇರೋ ಓಎಸ್ಸಿನಲ್ಲಿ ನೋಡಿ ಬರೆದುಕೊಂಡ ಎಸ್‌ಡಿಎ, ಇನ್‌ಸ್ಟಾಲರಿನ ಕರ್ನಲ್ ಬೂಟ್ ಆದಾಗ ಎಸ್‌ಡಿಸಿ ಆಗಿರಬಹುದು. ವರ್ಚುವಲ್ ಮೆಷಿನ್ನಿನಲ್ಲಿ ಅದು ವಿಡಿಎ, ಎನ್‌ವಿಎಂಇ ಆದರೆ ಹೆಸರಿನ ಗೋತ್ರವೇ ಬೇರೆ.

ಡಿಸ್ಕಿಗೆ ನಿಜವಾದ ಹೆಸರು ಇದೆ. ತಯಾರಾದ ದಿನ ಬಂದ ಸೀರಿಯಲ್ ನಂಬರ್ ಇದೆ, ಡಬ್ಲ್ಯುಡಬ್ಲ್ಯುಎನ್ ಇದೆ. ಲಿನಕ್ಸಿನ ಡೆವ್ ಡೈರೆಕ್ಟರಿಯ ಒಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅಂತ ಇದೆಯಲ್ಲ, ಅಲ್ಲಿ ಎಲ್ಲ ಸಾಲಾಗಿ ನಿಂತಿರ್ತವೆ. ಯಾವ ಸ್ಲಾಟಿನದು ಅಂತ ಬೇಕಾದರೆ ಬೈ-ಪಾಥ್ ಇದೆ. ಕಿಕ್‌ಸ್ಟಾರ್ಟಿನ ಇಗ್ನೋರ್‌ಡಿಸ್ಕ್ ಓನ್ಲಿ-ಯೂಸ್ ಸಾಲಿನಲ್ಲಿ ಈ ಬೈ-ಐಡಿ ಹೆಸರನ್ನೇ ಕೊಡಬಹುದು. ಆಗ ಉಳಿದ ಡಿಸ್ಕುಗಳ ತಂಟೆಗೇ ಇನ್‌ಸ್ಟಾಲರ್ ಹೋಗಲ್ಲ. ಒಂದು ಸಾಲು. ಅಷ್ಟೇ.

"ಇದೆಲ್ಲ ರೆಡ್ ಹ್ಯಾಟಿನವರ ಗೋಳು, ನಮ್ಮದು ಉಬುಂಟು" ಅಂತ ಯಾರೋ ನಗ್ತಾ ಇದ್ದಾರೆ, ಗೊತ್ತು. ಸ್ವಾಮಿ, ಉಬುಂಟು ಸರ್ವರಿನ ಆಟೋಇನ್‌ಸ್ಟಾಲಿನಲ್ಲಿ ಬರೀ ಲೇಔಟ್ ಹೆಸರು ಕೊಟ್ಟು ಸುಮ್ಮನಾದರೆ ಅದು ಯಾವ ಡಿಸ್ಕ್ ಆರಿಸುತ್ತೆ ಗೊತ್ತಾ? ಎಲ್ಲಕ್ಕಿಂತ ದೊಡ್ಡದನ್ನ! ಡೇಟಾ ಸರ್ವರಿನಲ್ಲಿ ಎಲ್ಲಕ್ಕಿಂತ ದೊಡ್ಡ ಡಿಸ್ಕ್ ಸಾಮಾನ್ಯವಾಗಿ ಯಾವುದು? ಓಎಸ್ಸಿಂದಂತೂ ಅಲ್ಲ. ಅಲ್ಲೂ ಸೀರಿಯಲ್ ನಂಬರ್ ಹೊಂದಿಸು ಅಂತ ಮ್ಯಾಚ್ ಬರೆಯೋ ದಾರಿ ಇದೆ, ಬರೆಯೋರು ಬೇಕು. ಡೆಬಿಯನ್ ಪ್ರಿಸೀಡ್ ಪಾಪ, ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಯಾವುದು ಅಂತ ಹೇಳು ಅನ್ನುತ್ತೆ. ಹಳೇ ಎಲ್‌ವಿಎಂ ತೆಗೀಲಾ? ಹಳೇ ರೇಡ್ ತೆಗೀಲಾ? ಬರೆದುಬಿಡಲಾ? ಅಂತ ಒಂದೊಂದಕ್ಕೂ ಬೇರೆ ಬೇರೆ ಅಪ್ಪಣೆ ಕೇಳುತ್ತೆ. ನಾವೇನು ಮಾಡ್ತೀವಿ? ಎಲ್ಲಿಂದಲೋ ಒಂದು ಫೈಲ್ ತಂದು ಎಲ್ಲದರ ಮುಂದೆ ಟ್ರೂ, ಟ್ರೂ, ಟ್ರೂ. ಅಡ್ವಾನ್ಸ್ ಕೊಟ್ಟು ಹೂಂ ಅನ್ನೋ ಮಾವನ ಹಾಗೆ.

ಈಗ ಮೂರನೇ ಮಾತು. ನನಗೆ ಎಲ್ಲಕ್ಕಿಂತ ಸಿಟ್ಟು ತರೋದು ಇದೇ. ಇನ್‌ಸ್ಟಾಲರ್ ನಿಂತಿತು ಅಂದರೆ ನಮ್ಮ ಜನ ಮಾಡೋ ಮೊದಲ ಕೆಲಸ, ಅದರ ಬಾಯಿ ಮುಚ್ಚಿಸೋದು. ಯಾಕೆ ನಿಂತಿತು ಅಂತ ಕೇಳಲ್ಲ. ಇನ್ನೊಂದು ಟ್ರೂ ಸೇರಿಸು, ಇನ್ನೊಂದು ಆಲ್ ಸೇರಿಸು, ಹೋಗ್ತದೆ ಅಂತಾರೆ. ನಮ್ಮ ಫೈಲಿಗೆ ಝೀರೋ-ಎಂಬಿಆರ್ ಬಂದದ್ದೂ ಹೀಗೇ. ಒಂದು ರಾತ್ರಿ ಇನ್‌ಸ್ಟಾಲರ್ ಪ್ರಶ್ನೆ ಕೇಳಿ ನಿಂತಿತ್ತು, ಬೆಳಗ್ಗೆ ನಾನು ಆ ಸಾಲು ಸೇರಿಸಿ ಬೀಗಿದ್ದೆ.

ನಿಲ್ಲೋದಕ್ಕೆ ಕಾರಣ ಇರುತ್ತೆ. ಬೇರೆ ಕಡೆ ಇದ್ದು ಬಂದ ಹಳೇ ಡಿಸ್ಕಿನಲ್ಲಿ ಸಾಫ್ಟ್‌ವೇರ್ ರೇಡಿನ ಗುರುತು ಉಳಿದಿರುತ್ತೆ. ಇನ್‌ಸ್ಟಾಲರ್ ಅದನ್ನ ನೋಡಿ ರೇಡ್ ಜೋಡಿಸಿಬಿಡುತ್ತೆ, ಆಮೇಲೆ ಪಾರ್ಟಿಷನ್ ಬಿಜಿ ಅನ್ನುತ್ತೆ. ಹಳೇ ವಾಲ್ಯೂಮ್ ಗ್ರೂಪಿಗೂ ಹೊಸದಕ್ಕೂ ಒಂದೇ ಹೆಸರಾದರೆ ಅಲ್ಲಿ ಜಗಳ. ಆಗ ಯಾರೋ ಒಬ್ಬ ಪಂಡಿತ ಬರ್ತಾನೆ: "ಡಿಡಿ ಹೊಡೆದು ಮೊದಲ ಹತ್ತು ಎಂಬಿ ಸೊನ್ನೆ ಮಾಡು." ಮಾಡಿದರೂ ಹೋಗಲ್ಲ. ಯಾಕೆ? ಜಿಪಿಟಿ ತನ್ನ ಇನ್ನೊಂದು ಪ್ರತಿಯನ್ನ ಡಿಸ್ಕಿನ ಕೊನೆಯಲ್ಲಿ ಇಟ್ಟಿರುತ್ತೆ. ಲಿನಕ್ಸ್ ರೇಡಿನ 0.90 ಮತ್ತು 1.0 ಆವೃತ್ತಿಯ ಗುರುತು ಇರೋದೂ ಕೊನೆಯಲ್ಲೇ. 1.1 ಮೊದಲಲ್ಲಿ, 1.2 ಮೊದಲಿಂದ 4 ಕೆಬಿ ಬಿಟ್ಟು. ಬಾಗಿಲು ತೊಳೆದು ಹಿತ್ತಿಲು ಬಿಟ್ಟರೆ ಮನೆ ಸ್ವಚ್ಛ ಆಗುತ್ತಾ? ಸರಿಯಾದ ದಾರಿ ಅಂದರೆ ಮೊದಲು ಆ ರೇಡನ್ನ ನಿಲ್ಲಿಸಿ, ಎಂಡಿಎಡಿಎಂ ಕೈಲಿ ಅದರ ಸೂಪರ್‌ಬ್ಲಾಕ್ ತೆಗೆಸಿ, ಆಮೇಲೆ ವೈಪ್‌ಎಫ್‌ಎಸ್ ಹಾಕೋದು. ಅದೂ ಯಾವ ಡಿಸ್ಕ್ ಅಂತ ಸೀರಿಯಲ್ ನೋಡಿದ ಮೇಲೆ. ವೈಪ್‌ಎಫ್‌ಎಸ್ ಬರೀ ಹೆಸರು ಕೊಟ್ಟರೆ ಏನೂ ಅಳಿಸಲ್ಲ, ಅಲ್ಲಿ ಏನೇನಿದೆ ಅಂತ ತೋರಿಸುತ್ತೆ. ಮೊದಲು ಅದನ್ನ ನೋಡಿ ಮಾರಾಯ್ರೆ.

ಇನ್ನು ಕೆಲವು ಸಲ ತಪ್ಪು ಡಿಸ್ಕಿನದಲ್ಲ, ಲೆಕ್ಕದ್ದು. ಹಳೇ ಎಂಬಿಆರ್ ಟೇಬಲಿನಲ್ಲಿ ಸೆಕ್ಟರ್ ನಂಬರಿಗೆ 32 ಬಿಟ್ ಜಾಗ. 512 ಬೈಟಿನ ಸೆಕ್ಟರ್ ಅಂದರೆ 2 ಟಿಬಿಗಿಂತ ಮುಂದೆ ಅದಕ್ಕೆ ಎಣಿಸೋಕೇ ಬರಲ್ಲ (ಅಂಗಡಿ ಲೆಕ್ಕದಲ್ಲಿ ಸುಮಾರು 2.2). ದೊಡ್ಡ ಡಿಸ್ಕಿಗೆ ಜಿಪಿಟಿ ಬೇಕು. ಜಿಪಿಟಿ ಡಿಸ್ಕಿನಿಂದ ಹಳೇ ಬಯೋಸ್ ರೀತಿ ಬೂಟ್ ಆಗಬೇಕಾದರೆ 1 ಎಂಬಿಯ ಬಯೋಸ್‌ಬೂಟ್ ಪಾರ್ಟಿಷನ್ ಬೇಕು. ಯುಇಎಫ್‌ಐ ಆದರೆ ಬೂಟ್ ಇಎಫ್‌ಐ ಅಂತ ಬೇರೆ ಪಾರ್ಟಿಷನ್ ಬೇಕು. ಹತ್ತು ಸರ್ವರಿನಲ್ಲಿ ಒಂದು ಮಾತ್ರ ಬಯೋಸ್ ಮೋಡಿನಲ್ಲಿ ಉಳಿದಿದ್ದರೆ ಆ ಒಂದು ನಿಲ್ಲುತ್ತೆ. ಇದಕ್ಕೆ ಔಷಧಿ ರೆಕ್‌ಪಾರ್ಟ್ ಅನ್ನೋ ಒಂದು ಸಾಲು, ಆ ಯಂತ್ರಕ್ಕೆ ಬೂಟ್ ಆಗೋಕೆ ಬೇಕಾದ ಪಾರ್ಟಿಷನ್ ತಾನೇ ಮಾಡಿಕೊಳ್ಳುತ್ತೆ. ಕ್ಲಿಯರ್‌ಪಾರ್ಟ್ ಆಲ್ ಇದಕ್ಕೆ ಔಷಧಿ ಅಲ್ಲವೇ ಅಲ್ಲ. ಆದರೆ ನಾನು ಕಂಡಂತೆ ಎಲ್ಲ ಜ್ವರಕ್ಕೂ ಅದೇ ಮಾತ್ರೆ!

ಕಾರಣ ತಿಳಿಯೋದೂ ಕಷ್ಟವಲ್ಲ. ನಿಂತ ಸರ್ವರಿನ ಮುಂದೆ ಆಲ್ಟ್ ಒತ್ತಿ ಎಫ್‌ಕೀಗಳನ್ನ ಬದಲಿಸಿದರೆ ಶೆಲ್ ಸಿಗುತ್ತೆ. ಹೊಸ ಅನಕೊಂಡಾದಲ್ಲಿ ಕಂಟ್ರೋಲ್ ಬಿ ಒತ್ತಿ 2. ಟೆಂಪ್ ಡೈರೆಕ್ಟರಿಯಲ್ಲಿ ಸ್ಟೋರೇಜ್ ಲಾಗ್ ಇರುತ್ತೆ, ಪ್ರೋಗ್ರಾಂ ಲಾಗ್ ಇರುತ್ತೆ. ಯಾವ ಡಿಸ್ಕ್ ಕಂಡಿತು, ಅದರ ಮೇಲೆ ಏನು ಸಿಕ್ಕಿತು, ಯಾವ ಕಮಾಂಡ್ ಓಡಿಸಿ ಎಲ್ಲಿ ಸೋತಿತು, ಎಲ್ಲ ಬರೆದಿರುತ್ತೆ. ಡೆಬಿಯನ್ ಆದರೆ ವಾರ್ ಲಾಗ್ ಒಳಗೆ ಸಿಸ್‌ಲಾಗ್ ಮತ್ತು ಪಾರ್ಟ್‌ಮ್ಯಾನ್. ಹತ್ತು ನಿಮಿಷದ ಓದು. ರೀಬೂಟ್ ಮಾಡಿದರೆ ಹೋಗಿಬಿಡುತ್ತೆ, ಅದಕ್ಕೇ ಮೊದಲು ಕಾಪಿ ತೆಗೀರಿ.

ನನ್ನ ಜೊತೆ ವಾದ ಮಾಡೋರು ಹೇಳೋ ಮಾತು ಎರಡು. ಒಂದು: "ಪ್ರತಿ ಸಲ ನಿಂತು ಕೇಳೋದಾದರೆ ಆಟೊಮೇಷನ್ ಯಾಕೆ?" ನಾನು ಕೇಳು ಅಂತ ಎಲ್ಲಿ ಹೇಳಿದೆ? ಗೊತ್ತಿದ್ದರೆ ಮಾಡು, ಗೊತ್ತಿಲ್ಲದಿದ್ದರೆ ನಿಲ್ಲು ಅಂತಿದ್ದೀನಿ. ಕಿಕ್‌ಸ್ಟಾರ್ಟಿನ ಪ್ರೀ ವಿಭಾಗದಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಇಷ್ಟೇ ಸೈಜಿನ, ಕಿತ್ತು ತೆಗೆಯೋಕೆ ಬರದ, ಈ ಸೀರಿಯಲ್ಲಿನ ಡಿಸ್ಕ್ ಹುಡುಕು. ಒಂದೇ ಒಂದು ಸಿಕ್ಕರೆ ಅದರ ಹೆಸರು ಹಾಕಿ ಪಾರ್ಟಿಷನ್ ಸಾಲುಗಳನ್ನ ಒಂದು ಫೈಲಿಗೆ ಬರಿ, ಮುಖ್ಯ ಫೈಲು ಅದನ್ನ ಇನ್‌ಕ್ಲೂಡ್ ಮಾಡ್ಕೊಳ್ಳುತ್ತೆ. ಒಂದೂ ಸಿಗಲಿಲ್ಲ, ಇಲ್ಲ ಎರಡು ಸಿಕ್ಕವು, ಆಗ ಎರರ್ ಕೊಟ್ಟು ಹೊರಗೆ ಬಾ. ಪ್ರೀ ಮುಂದೆ ಎರರ್-ಆನ್-ಫೇಲ್ ಅಂತ ಹಾಕಿದ್ದರೆ ಇನ್‌ಸ್ಟಾಲೇಷನ್ ಅಲ್ಲೇ ನಿಲ್ಲುತ್ತೆ. ನೂರರಲ್ಲಿ ಹೆಚ್ಚಿನವು ತಾವೇ ಮುಗೀತವೆ, ಅನುಮಾನ ಬಂದವು ಮಾತ್ರ ನಿಮ್ಮ ದಾರಿ ಕಾಯ್ತವೆ. ನಿಂತ ಸರ್ವರ್ ನಿಮ್ಮ ಅರ್ಧ ಗಂಟೆ ತಿನ್ನುತ್ತೆ. ನಿಲ್ಲದ ಸರ್ವರ್ ಏನು ತಿನ್ನುತ್ತೆ ಅಂತ ಆ ಎರಡು ಭಾನುವಾರ ಕೂತ ಹೆಣ್ಣುಮಕ್ಕಳನ್ನ ಕೇಳಿ.

ಎರಡನೇ ಮಾತು: "ಸರ್, ಈಗ ಸರ್ವರ್ ಅಂದರೆ ಸಾಕಿದ ನಾಯಿಮರಿ ಅಲ್ಲ, ದನದ ಹಿಂಡು. ಒಂದು ಹೋದರೆ ಇನ್ನೊಂದು. ಎಲ್ಲ ಕ್ಲೌಡು." ಇದನ್ನ ಹೇಳೋರು ದನ ಸಾಕಿಲ್ಲ ಅಂತ ಅಷ್ಟು ದೂರದಿಂದಲೇ ಗೊತ್ತಾಗುತ್ತೆ. ನಮ್ಮೂರಲ್ಲಿ ಹನ್ನೆರಡು ದನ ಇದ್ದವು, ಹನ್ನೆರಡಕ್ಕೂ ಹೆಸರಿತ್ತು. ಗೌರಿ ಯಾವುದು, ಕೆಂಪಿ ಯಾವುದು ಅಂತ ಕತ್ತಲಲ್ಲಿ ಮುಟ್ಟಿ ಹೇಳ್ತಿದ್ದರು ನಮ್ಮಜ್ಜಿ. "ಸಾಲಿನಲ್ಲಿ ಮೊದಲು ನಿಂತದ್ದನ್ನ ಮಾರಿಬಿಡು" ಅಂತ ಯಾರಿಗೂ ಹೇಳಿದ್ದಿಲ್ಲ. ಇನ್ನು ಕ್ಲೌಡು. ಆ ಕ್ಲೌಡ್ ನಿಂತಿರೋದೂ ಐರೋಲಿಯಲ್ಲೋ ಇನ್ನೆಲ್ಲೋ ಒಂದು ಕಟ್ಟಡದ ಕಬ್ಬಿಣದ ಮೇಲೇ. ಅಲ್ಲೂ ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗ ಕೂತಿರ್ತಾನೆ. ಅವನ ಮುಂದೆಯೂ ಯಾರೋ ಬರೆದಿಟ್ಟ ಒಂದು ಫೈಲಿರುತ್ತೆ.

ಹಾಗಾಗಿ ನನ್ನ ತಕರಾರು ಇಷ್ಟು. ಟೆಂಪ್ಲೇಟಿನಲ್ಲಿ ಆಲ್ ಅನ್ನೋ ಪದ ಇರಕೂಡದು, ಬೇಕಾದವರು ಬೇಕಾದ ದಿನ ಕೈಯಾರೆ ಸೇರಿಸಿಕೊಳ್ಳಲಿ. ಡಿಸ್ಕನ್ನ ಸರದಿಯಿಂದ ಕರೆಯಬೇಡಿ, ಹೆಸರಿನಿಂದ ಕರೀರಿ. ಸ್ಯಾನ್ ಸ್ಟೋರೇಜ್ ಇದ್ದರೆ ಇನ್‌ಸ್ಟಾಲ್ ಮುಗಿಯೋವರೆಗೆ ಆ ಸರ್ವರಿಗೆ ಅದು ಕಾಣದ ಹಾಗೆ ಮಾಡಿ. ಕಾಣದ್ದನ್ನ ಯಾರೂ ಅಳಿಸೋಕಾಗಲ್ಲ. ಪ್ರತಿ ಟೆಂಪ್ಲೇಟಿನ ಮೇಲೆ ಅದನ್ನ ಬರೆದವರ ಹೆಸರು, ಕೊನೇ ಸಲ ಯಾರು ಯಾವಾಗ ಓದಿದರು ಅನ್ನೋ ತಾರೀಖು ಇರಲಿ. ಮತ್ತೆ, ಅನಾಹುತ ಆದ ದಿನ ಮೊದಲು ಆ ಹೆಸರಿನವರನ್ನ ಕರೀರಿ, ಬಟನ್ ಒತ್ತಿದವನನ್ನ ಅಲ್ಲ.

ನಾವು ಹೀಗೆ ಮಾಡಿಕೊಂಡು ವರ್ಷದ ಮೇಲಾಯ್ತು. ಈ ಮಧ್ಯೆ ಮೂರು ಸಲ ಇನ್‌ಸ್ಟಾಲರ್ ತಾನಾಗೇ ನಿಂತಿದೆ. ಒಂದು ಸಲ ಯಾರೋ ಮರೆತ ಪೆನ್ ಡ್ರೈವಿಗೆ. ಎರಡು ಸಲ ನಿಜವಾದ ಡೇಟಾ ಡಿಸ್ಕಿಗೆ.

ಆ ಪ್ರೀ ಸ್ಕ್ರಿಪ್ಟ್ ಬರೆದದ್ದು ಆ ಗದಗ ಕಡೆಯ ಹುಡುಗನೇ. ಅವನ ಪ್ರೊಬೇಷನ್ ಮಾತ್ರ ಪೂರ್ತಿ ಆರು ತಿಂಗಳು ಮುಗಿದ ಮೇಲೇ ಮುಗೀತು, ಒಂದು ದಿನವೂ ಕಮ್ಮಿ ಮಾಡಲಿಲ್ಲ. ವರದಿಯಲ್ಲಿ ಇವತ್ತಿಗೂ ಕಾರಣ ಹ್ಯೂಮನ್ ಎರರ್ ಅಂತಲೇ ಇದೆ. ಆ ಮನುಷ್ಯ ನಾನು ಅಂತ ತಿದ್ದಿ ಅಂತ ಎರಡು ಸಲ ಮೇಲ್ ಬರೆದೆ. ಉತ್ತರ ಬಂದಿಲ್ಲ. ಅದಕ್ಕೇ ಇಲ್ಲಿ ಬರೆದೆ.

ನಿಮ್ಮಲ್ಲಿ ಯಾರಾದರೂ ಇಂಥ ಫೈಲ್ ಬರೆದು ಮರೆತಿದ್ದರೆ ನಾಳೆ ಆಫೀಸಿಗೆ ಹೋದ ತಕ್ಷಣ ಒಂದು ಸಲ ತೆಗೆದು ಓದಿ. ಚಹಾ ಆಮೇಲೆ ಕುಡಿದರಾಯ್ತು.